ನೀಹಾರಿಕೆಯ ಗೆರೆಗಳು

1868ರ ಆಗಸ್ಟ್ 18ರಂದು ನಮ್ಮ ಈ ಸೀಮೆಯ ಮೇಲೆ ಚಂದ್ರನ ನೆರಳು ಹಾದುಹೋಯಿತು. ಅಂಕಲಗಿಯಿಂದ ಈಶಾನ್ಯಕ್ಕಿರುವ ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಪೂರ್ಣ ಸೂರ್ಯಗ್ರಹಣವನ್ನು ನೋಡಲೆಂದು ಭೂಮಾಪನ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕದೊಡನೆ ಅಲ್ಲಿಗೆ ಬಂದಿದ್ದ. ಮಳೆಗಾಲದ ಮೋಡಗಳು ಕಾಡಿದವು. ಆದರೂ ಮೋಡದ ಬಿರುಕಿನಲ್ಲಿ, ಸೂರ್ಯನ ಅಂಚಿನಿಂದೆದ್ದ ಜ್ವಾಲೆಯ ಬೆಳಕು ಅವನ ಪಟ್ಟಕಕ್ಕೆ ದಕ್ಕಿತು. ಕಂಡದ್ದು ಕಾಮನಬಿಲ್ಲಿನ ಅಖಂಡ ಪಟ್ಟಿಯಲ್ಲ. ಕೆಂಪು, ಕಿತ್ತಳೆ, ನೀಲಿ ಎಂಬ ಮೂರೇ ಗೆರೆಗಳು. ಉರಿಯುವುದು ಅನಿಲವೆಂಬುದಕ್ಕೆ ಅದೇ ಸಾಕ್ಷಿ.

ನೀಹಾರಿಕೆಗಳ ಮಹಾಪಟ್ಟಿಯನ್ನು ತಯಾರಿಸಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಈತ. ದಕ್ಷಿಣಾಕಾಶದ ನೀಹಾರಿಕೆಗಳ ಬೆಳಕನ್ನೂ ಭಾರತದಲ್ಲಿದ್ದಾಗಲೇ ಹೀಗೆ ಸೀಳಿ ನೋಡಿದ. ಅದಕ್ಕೆ ನಾಲ್ಕು ವರ್ಷ ಮೊದಲು, 1864ರಲ್ಲಿ, ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯಲ್ಲಿ ಹಸಿರು ಗೆರೆಯೊಂದನ್ನು ಕಂಡಿದ್ದ. ಭೂಮಿಯ ಯಾವ ಧಾತುವಿಗೂ ಅದು ಹೊಂದಲಿಲ್ಲ. ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ವಿದ್ವಾಂಸರು ಕಲ್ಪಿಸಿಕೊಂಡರು. ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ನಮ್ಮ ಆಮ್ಲಜನಕವೇ ಎಂದು ಐರಾ ಬೋವೆನ್ ತೋರಿಸಿದ್ದು 1927ರಲ್ಲಿ.

ಇಂದಿನ ಹವ್ಯಾಸಿ ಖಗೋಳವೀಕ್ಷಕ ತನ್ನ ಕ್ಯಾಮರಾಕ್ಕೆ ತೊಡಿಸುವ ಕಿರುಪಟ್ಟಿ ಫಿಲ್ಟರಿನ ಮರ್ಮ ಈ ಗೆರೆಗಳಲ್ಲಿದೆ. ಗಾಜಿನ ಮೇಲೆ, ಬೆಳಕಿನ ಅಲೆಯುದ್ದಕ್ಕಿಂತ ತೆಳ್ಳಗಿನ ಪದರಗಳನ್ನು ಒಂದರ ಮೇಲೊಂದು ಲೇಪಿಸಿರುತ್ತಾರೆ. ಪದರಗಳ ನಡುವೆ ಹಿಂದಕ್ಕೂ ಮುಂದಕ್ಕೂ ಪ್ರತಿಫಲಿಸುವ ಅಲೆಗಳಲ್ಲಿ ಬೇಕಾದವು ಕೂಡಿ ಪಾರಾಗುತ್ತವೆ, ಉಳಿದವು ಹಿಂದಿರುಗುತ್ತವೆ. ಜಲಜನಕದ ಕೆಂಪು ಗೆರೆ 656.3 ನ್ಯಾನೋಮೀಟರಿನಲ್ಲಿದೆ, ಜಮಖಂಡಿಯಲ್ಲಿ ಕಂಡ ಕೆಂಪು ಗೆರೆಯೂ ಅದೇ. ಆಮ್ಲಜನಕದ್ದು 500.7ರಲ್ಲಿ, ಗಂಧಕದ ಜೋಡಿಗೆರೆ 672ರ ಆಸುಪಾಸಿನಲ್ಲಿ. ಕಣ್ಣಿಗೆ ಕಾಣುವ ಬೆಳಕಿನ ಹರವು ಸುಮಾರು 300 ನ್ಯಾನೋಮೀಟರ್. ಫಿಲ್ಟರಿನ ಕಿಂಡಿ 3 ನ್ಯಾನೋಮೀಟರ್ ಎಂದಿಟ್ಟುಕೊಂಡರೆ, ಬೀದಿಯ ಬಿಳಿ ದೀಪ ಆಕಾಶಕ್ಕೆ ಚೆಲ್ಲಿದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲಷ್ಟೇ ಒಳಬರುತ್ತದೆ. ನೀಹಾರಿಕೆಯ ಗೆರೆ ಮಾತ್ರ ಬಹುಮಟ್ಟಿಗೆ ಇಡಿಯಾಗಿ ಬರುತ್ತದೆ.

ಹಾಗೆಂದು ಊರಿನ ದೀಪಗಳನ್ನು ಕ್ಷಮಿಸಿಬಿಡಬೇಕೆಂದಲ್ಲ. ಕೊಡೆ ಹಿಡಿದವನು ನೆನೆಯದಿರಬಹುದು, ಮಳೆ ನಿಲ್ಲುವುದಿಲ್ಲ. ಕೃತ್ತಿಕೆಯನ್ನು ಸುತ್ತಿದ ನೀಲಿ ಮಂಜು ನಕ್ಷತ್ರಗಳ ಬೆಳಕನ್ನೇ ಪ್ರತಿಫಲಿಸುವ ಧೂಳು. ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ. ಅಲ್ಲಿ ಈ ಫಿಲ್ಟರು ನಿರುಪಯೋಗಿ. ಕತ್ತಲೆಗೆ ಬದಲಿ ಇಲ್ಲ.

ಇನ್ನು ಕೆಲಸ ತಾಳ್ಮೆಯದು. ಕಿಂಡಿ ಕಿರಿದಾದಷ್ಟೂ ಬೆಳಕು ಕಡಿಮೆ. ಒಂದೊಂದು ಚಿತ್ರಕ್ಕೆ ಐದು ಹತ್ತು ನಿಮಿಷ, ಅಂಥ ಚಿತ್ರಗಳು ಹಲವು ಹತ್ತು. ಅವೆಲ್ಲವನ್ನೂ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯಬೇಕು. ಅಷ್ಟು ಹೊತ್ತೂ ದೂರದರ್ಶಕ ಆಕಾಶದೊಡನೆ ತಿರುಗುತ್ತಿರಬೇಕಾದ್ದರಿಂದ ಅದರ ಅಕ್ಷ ಧ್ರುವದತ್ತ ಮುಖಮಾಡಿರಬೇಕು. ನಮ್ಮಲ್ಲಿ ಧ್ರುವತಾರೆ ಕ್ಷಿತಿಜದಿಂದ ಸುಮಾರು 16 ಅಂಶವಷ್ಟೇ ಮೇಲೆ. ಬೇವಿನ ಮರವೊಂದು ಸಾಕು, ಮರೆಮಾಡಲು. ಸೆಕೆಯ ರಾತ್ರಿಗಳಲ್ಲಿ ಕ್ಯಾಮರಾದ ಬಿಸಿಯೇ ಚಿತ್ರದಲ್ಲಿ ಚುಕ್ಕೆಗಳಾಗಿ ಮೂಡುವುದರಿಂದ ಅದನ್ನು ತಂಪಾಗಿಡಬೇಕು.

ಪ್ರತಿಯೊಂದು ಫಿಲ್ಟರಿನ ಚಿತ್ರವೂ ಬಣ್ಣವಿಲ್ಲದ ಕಪ್ಪುಬಿಳುಪೇ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಗರುಡ ನೀಹಾರಿಕೆಯ ಕಂಬಗಳ ಪ್ರಸಿದ್ಧ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿಯನ್ನು ಹಚ್ಚಿದ್ದರು. ಜಲಜನಕ ನಿಜದಲ್ಲಿ ಕೆಂಪಾಗಿರುವಾಗ ಇದು ಸುಳ್ಳಲ್ಲವೇ ಎಂದು ಕೇಳುವವರುಂಟು. ಭೂಪಟದಲ್ಲಿ ಜಿಲ್ಲೆಗಳಿಗೆ ಹಚ್ಚಿದ ಬಣ್ಣ ಸುಳ್ಳಲ್ಲವಾದರೆ ಇದೂ ಅಲ್ಲ. ಯಾವ ಬಣ್ಣ ಯಾವುದಕ್ಕೆಂದು ಹೇಳದೆ ತೋರಿಸುವುದು ಮಾತ್ರ ತಪ್ಪು ಎಂದು ನನ್ನ ಅಭಿಪ್ರಾಯ.

ಇದು ಬರಿಯ ಅಂದದ ಹವ್ಯಾಸವೆನ್ನುವವರು 2022ರ ಪ್ರಸಂಗವನ್ನು ನೆನೆಯಬೇಕು. ದೇವಯಾನಿ ಗ್ಯಾಲಕ್ಸಿ ಎಲ್ಲರೂ ಸಾವಿರ ಸಲ ಚಿತ್ರ ತೆಗೆದದ್ದು. ಫ್ರಾನ್ಸಿನ ಯಾನ್ ಸೆಂಟಿ ಅಂಗೈಯಗಲದ ಮಸೂರದ ದೂರದರ್ಶಕಕ್ಕೆ ಆಮ್ಲಜನಕದ ಫಿಲ್ಟರು ತೊಡಿಸಿ, ಹಲವಾರು ಗಂಟೆಗಳ ಬೆಳಕು ಕೂಡಿಸಿದಾಗ ಪಕ್ಕದಲ್ಲೇ ಯಾರೂ ಕಾಣದಿದ್ದ ದೊಡ್ಡ ಕಮಾನೊಂದು ಮೂಡಿತು. ಜರ್ಮನಿಯ ಡ್ರೆಕ್ಸ್ಲರ್, ಫ್ರಾನ್ಸಿನ ಸ್ಟ್ರಾಟ್ನರ್ ಎಂಬ ಹವ್ಯಾಸಿಗಳೂ ಇದರಲ್ಲಿ ಜೊತೆಗಾರರು. 2023ರಲ್ಲಿ ವೃತ್ತಿಪರರೊಡನೆ ಅದನ್ನು ಪ್ರಕಟಿಸಿದರು.

ಚಳಿಗಾಲದಲ್ಲಿ ಮಹಾವ್ಯಾಧನ ನೀಹಾರಿಕೆ ಅಂಕಲಗಿಯ ನೆತ್ತಿಯ ಸಮೀಪಕ್ಕೇ ಏರುತ್ತದೆ. ಕಲಿಯುವವರಿಗೆ ಅದು ಸುಲಭ. ಯೂರೋಪಿನ ಹವ್ಯಾಸಿಗಳಿಗೆ ಮನೆಯಿಂದ ಎಂದೂ ಕಾಣದ ಕರೀನಾ ನೀಹಾರಿಕೆಯೂ ಏಪ್ರಿಲ್ ತಿಂಗಳ ಸಂಜೆಗಳಲ್ಲಿ ನಮ್ಮ ತೆಂಕಣ ಬಾನಂಚಿನಿಂದ 14 ಅಂಶ ಮೇಲಕ್ಕೆ ಬರುತ್ತದೆ. ಕೆಳಗಿನ ಧೂಳಿನ ಮಬ್ಬನ್ನು ಕೆಂಪು ಬೆಳಕು ಉಳಿದ ಬಣ್ಣಗಳಿಗಿಂತ ಚೆನ್ನಾಗಿ ದಾಟುವುದರಿಂದ, ಅದಕ್ಕೆ ಜಲಜನಕದ ಫಿಲ್ಟರನ್ನೇ ಮೊದಲು ತೊಡಿಸಬೇಕು.