ಮಕ್ಕಳ ಕಥೆಗೆ ಬೆನ್ನಾಗಿ ನಿಂತ ಅಂಗಡಿಗಳ ಸೀಮೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಕನೆಕ್ಟಿಕಟ್ ನದಿಯ ಎರಡೂ ದಂಡೆಗೆ ಹರಡಿಕೊಂಡ ಬಯಲಿಗೆ ಪಯೋನಿಯರ್ ವ್ಯಾಲಿ ಎಂದು ಹೆಸರು. ಕವಯಿತ್ರಿ ಎಮಿಲಿ ಡಿಕಿನ್ಸನ್ ಬಾಳಿ ಬರೆದ ಆಮ್‌ಹರ್ಸ್ಟ್ ಇಲ್ಲಿದೆ. ಆಸುಪಾಸಿನಲ್ಲೇ ಐದು ಉನ್ನತ ವಿದ್ಯಾಸಂಸ್ಥೆಗಳಿವೆ. ಮಕ್ಕಳ ಪುಸ್ತಕದ ಮಟ್ಟಿಗಂತೂ ಇದು ಫಲವತ್ತಾದ ನೆಲ. ಚಿತ್ರಪುಸ್ತಕಗಳ ಕಲೆಗೆಂದೇ ಲೇಖಕ, ಚಿತ್ರಕಾರ ಎರಿಕ್ ಕಾರ್ಲ್ ಕಟ್ಟಿಸಿದ ವಸ್ತುಸಂಗ್ರಹಾಲಯ 2002ರಲ್ಲಿ ಆಮ್‌ಹರ್ಸ್ಟ್‌ನಲ್ಲಿ ಬಾಗಿಲು ತೆರೆಯಿತು. ‘ದ ಫ್ಯಾಂಟಮ್ ಟೋಲ್‌ಬೂತ್’ ಬರೆದ ನಾರ್ಟನ್ ಜಸ್ಟರ್ ಇಲ್ಲಿ ನೆಲೆಸಿದ್ದರು. ‘ಸ್ಪೈಡರ್‌ವಿಕ್’ ಸರಣಿಯನ್ನು ಟೋನಿ ಡಿಟರ್ಲಿಝಿ ಜೊತೆ ರೂಪಿಸಿದ ಹಾಲಿ ಬ್ಲ್ಯಾಕ್, ಮುಂದೆ ಇದೇ ಸೀಮೆಯ ಲೇಖಕಿ ಕಸಾಂಡ್ರಾ ಕ್ಲೇರ್ ಜೊತೆಗೂಡಿ ಮಾಂತ್ರಿಕ ಶಾಲೆಯೊಂದರ ಕಥೆಯಾದ ‘ಮ್ಯಾಜಿಸ್ಟೀರಿಯಂ’ ಬರೆದರು. 2014ರಿಂದ 2018ರವರೆಗೆ ವರ್ಷಕ್ಕೊಂದರಂತೆ ಐದು ಸಂಪುಟಗಳು ಬಂದವು. ಈ ಫಸಲಿನ ಶ್ರೇಯಸ್ಸನ್ನು ಕಾಲೇಜುಗಳಿಗೆ ಕೊಡುವುದು ರೂಢಿ. ಆದರೆ ಅದರಲ್ಲಿ ದೊಡ್ಡ ಪಾಲು ಇಲ್ಲಿನ ಸಣ್ಣ ಪುಸ್ತಕದಂಗಡಿಗಳಿಗೆ ಸಲ್ಲಬೇಕು.

ಸೌತ್ ಹ್ಯಾಡ್ಲಿ ಊರಿನ ಒಡಿಸಿ ಬುಕ್‌ಶಾಪ್ ಇದಕ್ಕೆ ಒಳ್ಳೆಯ ಸಾಕ್ಷಿ. ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನ ಎದುರಿಗಿರುವ ಇದನ್ನು ಔಷಧಿ ಅಂಗಡಿ ನಡೆಸುತ್ತಿದ್ದ ರೋಮಿಯೋ ಗ್ರೆನಿಯರ್ 1963ರಲ್ಲಿ ಆರಂಭಿಸಿದರು. 1985-86ರಲ್ಲಿ ಎರಡು ಸಲ ಬೆಂಕಿಗೆ ತುತ್ತಾದರೂ ಅಂಗಡಿ ಮತ್ತೆ ಎದ್ದು ನಿಂತಿತು. ಮಗಳು ಜೋನ್ ಗ್ರೆನಿಯರ್ ಅದನ್ನು ಮುಂದುವರಿಸಿದರು. ಲೇಖಕರ ರುಜುವಿರುವ ಮೊದಲ ಮುದ್ರಣದ ಪ್ರತಿಗಳನ್ನು ಸದಸ್ಯರಿಗೆ ತಲುಪಿಸುವ ಯೋಜನೆ ಇಲ್ಲಿದೆ. ಹೆಸರು ಕೇಳಿರದ ಲೇಖಕನ ಪುಸ್ತಕಕ್ಕೂ ಇಂಥ ಯೋಜನೆ ಮುಂಚಿತವಾಗಿಯೇ ಕೊಳ್ಳುವವರನ್ನು ಒದಗಿಸುತ್ತದೆ. ಮಕ್ಕಳ ಕಲ್ಪನಾಕಥೆಗೆ ಈ ಆಸರೆ ಇನ್ನೂ ಹೆಚ್ಚು ಬೇಕು. ಅದು ಸಾಮಾನ್ಯವಾಗಿ ಸರಣಿಯಾಗಿ ಬರುತ್ತದೆ. ಮೊದಲ ಸಂಪುಟ ಓದುಗರ ಕೈಸೇರದಿದ್ದರೆ ಉಳಿದವುಗಳ ಗತಿ ಕಷ್ಟ. ಓದುವುದು ಮಗು, ದುಡ್ಡು ಕೊಡುವುದು ದೊಡ್ಡವರು. ಇಬ್ಬರನ್ನೂ ಒಪ್ಪಿಸಬಲ್ಲವರು, ಆ ಪುಸ್ತಕವನ್ನು ತಾವೇ ಓದಿ ‘ನಿಮ್ಮ ಮಗಳಿಗೆ ಇದು ಹಿಡಿಸುತ್ತದೆ’ ಎಂದು ಹೇಳುವ ಅಂಗಡಿಯವರು. ‘ಮ್ಯಾಜಿಸ್ಟೀರಿಯಂ’ನಂತೆ ಇಬ್ಬರು ಸೇರಿ ಬರೆದ ಪುಸ್ತಕವಾದರೆ ಅಂಗಡಿಯಲ್ಲಿ ನಡೆಯುವ ಬಿಡುಗಡೆಯ ಸಭೆಗೆ ಇನ್ನಷ್ಟು ಕಳೆ ಬರುತ್ತದೆ. ಒಂದು ಕಥೆಯನ್ನು ಇಬ್ಬರು ಹೇಗೆ ಹಂಚಿಕೊಂಡು ಬರೆದರೆಂದು ಮಕ್ಕಳು ಕೇಳಬಹುದು. ಬರೆಯುವುದು ಗೆಳೆಯರ ಜೊತೆ ಕೂಡಿ ಮಾಡಬಹುದಾದ ಕೆಲಸವೂ ಹೌದೆಂದು ಅವರಿಗೆ ಮನದಟ್ಟಾಗುತ್ತದೆ.

ಬ್ಲ್ಯಾಕ್, ಕ್ಲೇರ್ ಅವರಂಥ ಖ್ಯಾತರಿಗೆ ಊರಿನ ಅಂಗಡಿಯ ಹಂಗೇಕೆ, ದೊಡ್ಡ ಪ್ರಕಾಶನವೇ ಬೆನ್ನಿಗಿದೆಯಲ್ಲ ಎಂದು ಕೇಳಬಹುದು. ನಿಜ, ಅವರ ಪುಸ್ತಕಗಳು ಎಲ್ಲಿಟ್ಟರೂ ಮಾರಾಟವಾಗುತ್ತವೆ. ಆದರೆ ಹೆಸರಾದವರ ಪುಸ್ತಕದಿಂದ ಬಂದ ಲಾಭವೇ ಹೊಸಬರ ಪುಸ್ತಕ ತರಿಸುವ ಧೈರ್ಯವನ್ನು ಅಂಗಡಿಗೆ ಕೊಡುತ್ತದೆ. ಅಂಗಡಿಯ ಈ ಬೆಲೆಯನ್ನು ಬರೆಯುವವರೂ ಬಲ್ಲರು. ಲೇಖಕರಾದ ಕೆಲ್ಲಿ ಲಿಂಕ್ ಮತ್ತು ಗ್ಯಾವಿನ್ ಗ್ರಾಂಟ್ ದಂಪತಿ ಸ್ಮಾಲ್ ಬಿಯರ್ ಪ್ರೆಸ್ ಎಂಬ ಪುಟ್ಟ ಪ್ರಕಾಶನವನ್ನು ಕಟ್ಟಿದವರು. 2019ರಲ್ಲಿ ಇದೇ ಸೀಮೆಯ ಈಸ್ಟ್‌ಹ್ಯಾಂಪ್ಟನ್‌ನಲ್ಲಿ ಬುಕ್ ಮೂನ್ ಎಂಬ ಅಂಗಡಿಯನ್ನೂ ತೆರೆದರು. ವಿಚಿತ್ರ ಕಥೆಗಳನ್ನು ಬರೆಯುವವರು, ಅಚ್ಚು ಹಾಕುವವರು ಅಂಗಡಿಯ ಹೊಣೆಯನ್ನೂ ಹೊತ್ತರೆಂದರೆ, ಅದಿಲ್ಲದೆ ಕೆಲಸ ಪೂರ್ಣವಾಗದೆಂದು ಅವರು ಅರಿತಿದ್ದರೆಂದೇ ಅರ್ಥ.

ಓದುಬಲ್ಲವರು, ಉಳ್ಳವರು ಇರುವ ಕಾಲೇಜು ಊರಲ್ಲಿ ಇದೆಲ್ಲ ಸುಲಭ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಕಾಲೇಜಿದ್ದ ಮಾತ್ರಕ್ಕೆ ಅಂಗಡಿ ಉಳಿಯುವುದಿಲ್ಲ. 2015ರಲ್ಲಿ ಆಮ್‌ಹರ್ಸ್ಟ್‌ನ ರಾಜ್ಯ ವಿಶ್ವವಿದ್ಯಾಲಯವೇ ಪಠ್ಯಪುಸ್ತಕ ಮಾರಾಟಕ್ಕೆ ಅಮೆಜಾನ್ ಜೊತೆ ಕೈಜೋಡಿಸಿತು. ಆನ್‌ಲೈನ್ ರಿಯಾಯಿತಿಗೆ ಬೆಲೆಯಲ್ಲಿ ಸಾಟಿಯಾಗಲು ಸಣ್ಣ ಅಂಗಡಿಗೆ ಆಗದು. ಅದು ಉಳಿಯಬೇಕಾದರೆ ಊರಿನವರು ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಅಲ್ಲೇ ಕೊಳ್ಳಬೇಕು, ಲೇಖಕರು ತಮ್ಮ ಪುಸ್ತಕವನ್ನು ಮೊದಲು ಅಲ್ಲಿಗೆ ಕೊಂಡೊಯ್ಯಬೇಕು. ಈ ಎರಡಕ್ಕೂ ಸಿರಿವಂತಿಕೆಗಿಂತ ರೂಢಿ ಮುಖ್ಯ. ಬೆಂಕಿ ಬಿದ್ದ ಮೇಲೂ ಒಡಿಸಿ ಎದ್ದು ನಿಂತದ್ದಕ್ಕೆ, ಅದು ಅಷ್ಟರಲ್ಲಿ ಜನರ ರೂಢಿಯೊಳಗೆ ಸೇರಿಹೋಗಿದ್ದೂ ಕಾರಣವಿರಬೇಕು. ಮಕ್ಕಳಿಗೆ ಒಳ್ಳೆಯ ಕಥೆಗಳು ಸಿಗುತ್ತಿಲ್ಲವೆಂದು ಕೊರಗುವ ಯಾವ ಊರೇ ಆಗಲಿ, ಬರಹಗಾರರನ್ನು ಹುಡುಕುವ ಮೊದಲು ತನ್ನ ಪುಸ್ತಕದಂಗಡಿಯನ್ನು ಉಳಿಸಿಕೊಳ್ಳಬೇಕು. ಬರೆಯುವವರಿಗೆ ಓದುಗರನ್ನು ಮುಖಾಮುಖಿ ತೋರಿಸಿಕೊಡುವ ಜಾಗ ಅದು.