ಕಲ್ಲಂಗಡಿ ಮನೆಗೆ ತಂದ ಮೇಲೆ ಸಿಹಿ ಆಗಲ್ಲ: ಗಾಡಿ ಮುಂದೆ ನಿಂತಾಗ ಏನು ನೋಡಬೇಕು?

ಇವತ್ತಿನ ವಿಷಯ ಕಲ್ಲಂಗಡಿ. ಮೊದಲು ಒಂದು ಸದ್ದು ಕೇಳಿ.

[ಹಣ್ಣಿಗೆ ಎರಡು ಸಲ ತಟ್ಟುವ ಸದ್ದು]

ಇದು ಹಣ್ಣಾ, ಕಾಯಾ? ಹೇಳೋಕೆ ಕಷ್ಟ ಅಲ್ವಾ? ಗಾಡಿ ಮುಂದೆ ನಾವೆಲ್ಲ ಮಾಡೋದು ಇದನ್ನೇ. ತಟ್ಟಿ, ಕಿವಿ ಹತ್ರ ಇಟ್ಟು, ಏನೋ ಅರ್ಥ ಆದ ಹಾಗೆ ತಲೆ ಆಡಿಸ್ತೀವಿ. ಹಣ್ಣಾಗಿದ್ರೆ 'ದಬ್' ಅಂತ ದಪ್ಪ ಸದ್ದು, ಕಾಯಾಗಿದ್ರೆ 'ಟಣ್' ಅಂತ ಗಟ್ಟಿ ಸದ್ದು ಅನ್ನೋದು ಪೂರ್ತಿ ಸುಳ್ಳಲ್ಲ. ಆದ್ರೆ ಅದು ದಿನಕ್ಕೆ ನೂರು ಹಣ್ಣು ತಟ್ಟೋ ವ್ಯಾಪಾರಿಯ ಕಿವಿಗೆ ದಕ್ಕೋ ವಿದ್ಯೆ. ಪಕ್ಕದಲ್ಲಿ ಆಟೋ ಹಾರ್ನ್ ಹೊಡೀತಿರುವಾಗ ವಾರಕ್ಕೊಂದು ಹಣ್ಣು ಕೊಳ್ಳೋ ನಮಗೆ ಅಷ್ಟಾಗಿ ಒಲಿಯಲ್ಲ.

ಹಾಗಾದ್ರೆ ಏನು ನೋಡಬೇಕು? ಅದಕ್ಕೂ ಮುಂಚೆ ಒಂದು ವಿಷಯ ತಿಳ್ಕೋಬೇಕು. ಮಾವು, ಬಾಳೆ ಕಾಯಲ್ಲಿ ಪಿಷ್ಟ ತುಂಬಿರುತ್ತೆ. ಕೊಯ್ದ ಮೇಲೂ ಅದು ನಿಧಾನಕ್ಕೆ ಸಕ್ಕರೆಯಾಗಿ ಬದಲಾಗುತ್ತೆ. ಅಂದ್ರೆ ಅವುಗಳ ಹತ್ರ ಎಫ್‌ಡಿ ಇದೆ. ಕಲ್ಲಂಗಡಿ ಹಾಗಲ್ಲ. ಅದು ಸಂಬಳದ ಮೇಲೆ ಬದುಕೋ ಹಣ್ಣು. ಎಲೆಗಳು ಬಿಸಿಲಲ್ಲಿ ಮಾಡಿದ ಸಕ್ಕರೆ ಬಳ್ಳಿ ಮೂಲಕ ದಿನಾ ಬರ್ತಿರುತ್ತೆ. ತೊಟ್ಟು ಕತ್ತರಿಸಿದ ದಿನ ಸಂಬಳ ಬಂದ್! ಆಮೇಲೆ ನೀವು ಅಕ್ಕಿ ಡಬ್ಬದಲ್ಲಿ ಹೂತಿಡಿ, ನಾಲ್ಕು ದಿನ ಅಡುಗೆಮನೆ ಮೂಲೆಯಲ್ಲಿಡಿ, ಸಿಹಿ ಹೆಚ್ಚಾಗಲ್ಲ. 'ನಾಡಿದ್ದಿಗೆ ಹಣ್ಣಾಗುತ್ತೆ ತಗೊಂಡ್ಹೋಗಿ ಸಾರ್' ಅನ್ನೋ ಮಾತು ಮಾವಿಗೆ ಸರಿ, ಕಲ್ಲಂಗಡಿಗಲ್ಲ.

ಹಾಗಾಗಿ ನಾವು ಹುಡುಕಬೇಕಾದದ್ದು ಹಣ್ಣು ಬಳ್ಳಿಯಲ್ಲಿ ಸಾಕಷ್ಟು ದಿನ ಇತ್ತಾ ಅನ್ನೋದಕ್ಕೆ ಸಾಕ್ಷಿ. ಅದು ಹಣ್ಣಿನ ಹೊಟ್ಟೆ ಮೇಲೇ ಇರುತ್ತೆ. ಹಣ್ಣನ್ನ ಉರುಳಿಸಿ ನೋಡಿ, ನೆಲಕ್ಕೆ ತಾಗಿಕೊಂಡಿದ್ದ ಜಾಗದಲ್ಲಿ ಒಂದು ಮಚ್ಚೆ ಕಾಣುತ್ತೆ. ಅದು ಬೆಣ್ಣೆ ಬಣ್ಣಕ್ಕೋ ಹಳದಿಗೋ ತಿರುಗಿದ್ರೆ ಒಳ್ಳೇದು. ಬಿಳಿಚಿಕೊಂಡಿದ್ರೆ, ಇಲ್ಲಾ ತಿಳಿ ಹಸಿರಾಗಿದ್ರೆ ಅವಸರದಲ್ಲಿ ಕೊಯ್ದಿದ್ದಾರೆ ಅಂತ. ಪಟ್ಟೆ ಇರೋ ನಾಮಧಾರಿ, ಕಪ್ಪು-ಹಸಿರು ಉದ್ದನೆಯ ಕಿರಣ್, ಎರಡರಲ್ಲೂ ಈ ಲೆಕ್ಕ ನಡೆಯುತ್ತೆ. ಸಿಪ್ಪೆಯೇ ಹಳದಿ ಇರೋ ತಳಿಯಲ್ಲಿ ಮಾತ್ರ ಮಚ್ಚೆ ಗುರುತಿಸೋದು ಕಷ್ಟ.

ಆಮೇಲೆ ತೂಕ. ಒಂದೇ ಗಾತ್ರದ ಎರಡು ಹಣ್ಣು ಎರಡು ಕೈಯಲ್ಲಿ ಹಿಡೀರಿ, ಭಾರ ಇರೋದನ್ನ ಇಟ್ಕೊಳ್ಳಿ. ತೀರಾ ಹಣ್ಣಾಗಿ ಒಳಗೆ ಹಿಟ್ಟುಹಿಟ್ಟಾದದ್ದು ಹಗುರ ಅನಿಸುತ್ತೆ. ಮೆತ್ತಗಿರೋ ಜಾಗ, ಬಿರುಕು ಇದ್ರೆ ಬಿಟ್ಟುಬಿಡಿ.

ಇನ್ನು 'ಗಂಡು ಹಣ್ಣು, ಹೆಣ್ಣು ಹಣ್ಣು' ರೀಲ್ಸ್. ಉದ್ದಕ್ಕಿದ್ರೆ ಗಂಡು, ಗುಂಡಗಿದ್ರೆ ಹೆಣ್ಣು, ಹೆಣ್ಣೇ ಸಿಹಿ ಅಂತೆ! ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ ಇರೋದು ನಿಜ. ಆದ್ರೆ ಕಾಯಿ ಕಚ್ಚೋದು ಹೆಣ್ಣು ಹೂವಲ್ಲಿ ಮಾತ್ರ. ಹಣ್ಣಿಗೆ ಲಿಂಗ ಇಲ್ಲ, ಆಕಾರ ತಳಿಯದ್ದು.

ಇದಕ್ಕಿಂತ ದುಬಾರಿ ವದಂತಿ ಇನ್ನೊಂದಿದೆ, ಇಂಜೆಕ್ಷನ್‌ದು. 2025ರ ಬೇಸಿಗೆಯಲ್ಲಿ ತಮಿಳುನಾಡಲ್ಲಿ ಕಲ್ಲಂಗಡಿಗೆ ಬಣ್ಣ ಚುಚ್ತಾರೆ ಅನ್ನೋ ಮಾತು ಹಬ್ಬಿ, ಜನ ಕೊಳ್ಳೋದು ಬಿಟ್ಟು, ಬೆಲೆ ಬಿದ್ದು ರೈತರು ನಷ್ಟ ಅನುಭವಿಸಿದ್ರು. ಸ್ವಲ್ಪ ಯೋಚಿಸಿ. ಸೂಜಿ ಚುಚ್ಚಿದ ಜಾಗದಿಂದ ಹಣ್ಣು ಕೊಳೆಯೋಕೆ ಶುರುವಾಗುತ್ತೆ, ಬಣ್ಣ ತಿರುಳಿಗೆಲ್ಲ ಸಮನಾಗಿ ಹರಡೋದೂ ಇಲ್ಲ. ಕೆಜಿಗೆ ಇಪ್ಪತ್ತು ಮೂವತ್ತು ರೂಪಾಯಿಯ ಹಣ್ಣನ್ನ ಒಂದೊಂದಾಗಿ ಚುಚ್ಚಿದ್ರೆ ಕೂಲಿ ಖರ್ಚೂ ಹುಟ್ಟಲ್ಲ. ಬಿ.ಕಾಂ ಓದಿದ ತಲೆಗೆ ಮೊದಲು ಹೊಳೆಯೋದು ಅದೇ. ಕೊಯ್ದ ಹಣ್ಣಿಗೆ ಟಿಶ್ಯೂ ಒತ್ತಿದ್ರೆ ತಿಳಿಗೆಂಪು ಹತ್ತೋದು ಸಹಜ, ರಸದ ಜೊತೆ ತಿರುಳಿನ ಕಣಗಳೂ ಬರ್ತವೆ. ಒಳಗೆ ಸೀಳುಬಿಟ್ಟು ಟೊಳ್ಳಾಗಿದ್ರೂ ಹೆದರಬೇಡಿ. ಪರಾಗಸ್ಪರ್ಶ ಸರಿಯಾಗದೇ ಇದ್ದಾಗ ಹಾಗಾಗುತ್ತೆ, ತಿನ್ನಬಹುದು.

ನನ್ನ ಪ್ರಕಾರ ಗಿರಾಕಿಗೆ ನಿಜವಾಗಿ ಆಗೋ ಮೋಸ ಬಣ್ಣದ್ದಲ್ಲ, ಅವಸರದ ಕೊಯ್ಲಿಂದು. ರಂಜಾನ್, ಶಿವರಾತ್ರಿ ಹೊತ್ತಿಗೆ ರೇಟು ಏರಿರುತ್ತೆ. ವ್ಯಾಪಾರಿ ಲಾರಿ ತಂದ ದಿನ ಹೊಲದಲ್ಲಿ ಬಲಿತದ್ದು, ಬಲಿಯದ್ದು ಒಟ್ಟಿಗೆ ಹತ್ತುತ್ತೆ. ಇನ್ನೊಂದು ವಾರ ಕಾದ್ರೆ ಬೆಲೆ ಇರುತ್ತೋ ಇಲ್ವೋ, ಆ ರೈತನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಆದ್ರೆ ರಾಶಿಯಲ್ಲಿ ಆರಿಸೋ ಹಕ್ಕು ನಮಗಿದೆ. 'ಅಣ್ಣಾ, ಒಂದು ಚೂರು ಕೊಯ್ದು ತೋರಿಸ್ತೀರಾ?' ಅಂತ ಕೇಳಿ, ಸುಮಾರು ಜನ ಈಗಲೂ ತೋರಿಸ್ತಾರೆ. ಬೀಜ ಕಪ್ಪಾಗೋ, ಕಂದಾಗೋ ಬಲಿತಿರಬೇಕು. ಸೀಡ್‌ಲೆಸ್ ತಳಿಯಲ್ಲಿ ಮಾತ್ರ ಬಿಳಿ ಎಳೆ ಬೀಜ ಮಾಮೂಲಿ.

ರಾಮನವಮಿಗೆ ಪಾನಕ ಮಾಡೋ ಕರ್ಬೂಜದ ಬಗ್ಗೆ ಎರಡು ಮಾತು. ಜಾಲರಿ ಇರೋ ಹಣ್ಣು ಬಳ್ಳಿಯಲ್ಲೇ ಬಲಿತರೆ ತೊಟ್ಟು ತಾನಾಗೇ ಕಳಚಿಕೊಳ್ಳುತ್ತೆ, ಆ ಜಾಗದಲ್ಲಿ ನಯವಾದ ಗುಳಿ ಉಳಿಯುತ್ತೆ. ತೊಟ್ಟು ಕತ್ತರಿಸಿದ ಗುರುತಿದ್ರೆ ಬೇಗ ಕೊಯ್ದದ್ದು. ತೊಟ್ಟಿನ ಎದುರು ತುದಿಯನ್ನ ಮೂಸಿ, ಘಮ ಬರಬೇಕು. ಮನೆಯಲ್ಲಿ ಇಟ್ರೆ ಇದು ಮೆತ್ತಗಾಗುತ್ತೆ, ಘಮವೂ ಏರುತ್ತೆ, ಆದ್ರೆ ಸಕ್ಕರೆ ಏರಲ್ಲ. ಒರಟು ಸಿಪ್ಪೆಯಲ್ಲಿ ಮಣ್ಣು, ಕೊಳೆ ಕೂತಿರೋದ್ರಿಂದ ಉಜ್ಜಿ ತೊಳೆದೇ ಕತ್ತರಿಸಿ.

ಕೊನೆಗೆ ದುಡ್ಡಿನ ವಿಷಯ. ಕೆಜಿಗೆ 25 ರೂಪಾಯಿ ಅಂದ್ಕೊಳ್ಳಿ, ನಾಲ್ಕು ಕೆಜಿ ಹಣ್ಣಿಗೆ 100. ಮೂರರಲ್ಲೊಂದು ಪಾಲು ಸಿಪ್ಪೆಗೆ ಹೋದ್ರೆ ತಿನ್ನೋ ಭಾಗ ಕೆಜಿಗೆ 37 ರೂಪಾಯಿ ಮೇಲೆ ಬಿತ್ತು. ಕರಾವಳಿಯವರು ಈ ಲೆಕ್ಕವನ್ನ ಯಾವತ್ತೋ ಬಗೆಹರಿಸಿದ್ದಾರೆ. ಅಲ್ಲಿ ಕಲ್ಲಂಗಡಿಗೆ ಬಚ್ಚಂಗಾಯಿ ಅಂತಾರೆ. ಹಸಿರು ಸಿಪ್ಪೆ ಹೆರೆದು, ಬಿಳಿ ಭಾಗವನ್ನ ತುರಿದು, ನೆನೆಸಿದ ಅಕ್ಕಿ ಜೊತೆ ರುಬ್ಬಿ ದೋಸೆ ಹುಯ್ತಾರೆ. ಅದರಲ್ಲೇ ನೀರಿರೋದ್ರಿಂದ ರುಬ್ಬುವಾಗ ನೀರು ಹೆಚ್ಚು ಬೇಕಾಗಲ್ಲ. ಕಾಯಿ ಚಟ್ನಿ ಜೊತೆ ತಿಂದು ನೋಡಿ.