ರೋಮಿಯೋ–ಜೂಲಿಯೆಟ್: ಯಾಕಷ್ಟು ಅವಸರ?

ರೋಮಿಯೋ–ಜೂಲಿಯೆಟ್ ಅಂದರೆ ಅಮರ ಪ್ರೇಮ ಅಂತೀವಿ. ಆ ಪ್ರೇಮದ ಆಯುಸ್ಸು ಎಷ್ಟು ಗೊತ್ತಾ? ಭಾನುವಾರ ರಾತ್ರಿ ಔತಣದಲ್ಲಿ ಭೇಟಿ. ಸೋಮವಾರ ಗುಟ್ಟಾಗಿ ಮದುವೆ. ಗುರುವಾರ ಬೆಳಗಾಗುವಷ್ಟರಲ್ಲಿ ಗೋರಿಯೊಳಗೆ ಇಬ್ಬರ ಹೆಣ.

ಷೇಕ್ಸ್‌ಪಿಯರ್ ಇದನ್ನು ಬೇಕೆಂದೇ ಮಾಡಿದ. ಅವನಿಗೆ ಕಥೆ ಸಿಕ್ಕಿದ್ದು ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಿ. ಅಲ್ಲಿ ಇದೆಲ್ಲ ತಿಂಗಳುಗಟ್ಟಲೆ ನಡೆಯುತ್ತದೆ, ಜೂಲಿಯೆಟ್‌ಗೆ 16ರ ಆಸುಪಾಸು. ನಾಟಕದಲ್ಲಿ ಅವಳಿಗೆ ಇನ್ನೂ 14 ತುಂಬಿಲ್ಲ!

ರೋಮಿಯೋನನ್ನೇ ನೋಡಿ. ಮೊದಲು ಅವನು ಕೊರಗುತ್ತಿದ್ದದ್ದು ರೋಸಲೀನ್ ಎಂಬ ಬೇರೆ ಹುಡುಗಿಗಾಗಿ. ಔತಣದ ಮರುದಿನ ಬೆಳಗ್ಗೆ ಪಾದ್ರಿ ಲಾರೆನ್ಸ್ ಬಳಿ ಬಂದು ‘ಜೂಲಿಯೆಟ್‌ ಜೊತೆ ಮದುವೆ ಮಾಡಿಸಿ’ ಅಂತಾನೆ. ಪಾದ್ರಿಗೆ ಅವನ ಕೆನ್ನೆಯ ಮೇಲೆ ಹಳೆಯ ಕಣ್ಣೀರಿನ ಕಲೆ ಇನ್ನೂ ಕಾಣುತ್ತಿರುತ್ತದೆ. ಜೂಲಿಯೆಟ್‌ಗೂ ಅಳುಕಿತ್ತು. ಇದು ತೀರಾ ದುಡುಕು ಅಂತ ಅವಳೇ ಹೇಳ್ತಾಳೆ. ಔತಣದ ಅದೇ ರಾತ್ರಿ ಮದುವೆಯ ಮಾತೆತ್ತುವವಳೂ ಅವಳೇ.

ಹಾಗಂತ ತಪ್ಪೆಲ್ಲ ಮಕ್ಕಳದ್ದಾ? ಖಂಡಿತ ಅಲ್ಲ. ಮಗಳನ್ನು ಒಂದು ಮಾತೂ ಕೇಳದೆ ಪ್ಯಾರಿಸ್ ಎಂಬವನ ಜೊತೆ ಗುರುವಾರ ಮದುವೆ ನಿಶ್ಚಯಿಸಿದ್ದು ಅಪ್ಪ. ಆಮೇಲೆ ಅದನ್ನೂ ಬುಧವಾರಕ್ಕೇ ಎಳೆದು ತಂದ. ಹಿರಿಯರಿಗೇ ತಾಳ್ಮೆ ಇಲ್ಲದ ಮನೆ ಅದು.

ಕೊನೆಯ ದೃಶ್ಯವಂತೂ ಕರುಳು ಹಿಂಡುತ್ತದೆ. ಆ ಮದುವೆ ತಪ್ಪಿಸಿಕೊಳ್ಳಲು ಮದ್ದು ಕುಡಿದು ಗೋರಿಯೊಳಗೆ ಸತ್ತಂತೆ ಮಲಗಿದ ಜೂಲಿಯೆಟ್‌ಳ ತುಟಿ, ಕೆನ್ನೆ ಇನ್ನೂ ಕೆಂಪಗಿವೆ. ರೋಮಿಯೋ ಅದನ್ನು ಗಮನಿಸುತ್ತಾನೆ, ಬಾಯಿಬಿಟ್ಟು ಹೇಳುತ್ತಾನೆ ಕೂಡ. ಆದರೂ ಕಾಯುವುದಿಲ್ಲ, ವಿಷ ಕುಡಿದುಬಿಡುತ್ತಾನೆ. ಸ್ವಲ್ಪ ಹೊತ್ತಿಗೇ ಅವಳಿಗೆ ಎಚ್ಚರವಾಗುತ್ತದೆ.

ಐದನೇ ಅಂಕ, ಮೂರನೇ ದೃಶ್ಯ. ಒಮ್ಮೆ ನೀವೇ ಓದಿ.